ನರಸಾಪುರದ ಫೋನು, ಕೋಲಾರದ ಕೌಂಟರು: ನಡುವೆ ಎರಡು ಒಪ್ಪಂದ

(ಕೋಲಾರದಲ್ಲಿ ಮೊಬೈಲ್ ಅಂಗಡಿಯವರು, ರಿಪೇರಿ ಕೆಲಸದವರು ಮತ್ತು ವಾಣಿಜ್ಯ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇಲ್ಲಿಂದ ಬೆಂಗಳೂರಿಗೆ ಹೊರಟರೆ ದಾರಿಯಲ್ಲಿ ನರಸಾಪುರ ಸಿಗುತ್ತದೆ. ಅಲ್ಲಿ ಐಫೋನ್ ಜೋಡಿಸುತ್ತಾರೆ ಎಂಬುದು ಈ ಸಭೆಯಲ್ಲಿ ಯಾರಿಗೂ ಹೊಸ ಸುದ್ದಿಯಲ್ಲ. ತೈವಾನಿನ ವಿಸ್ಟ್ರಾನ್ ಕಟ್ಟಿದ ಆ ಕಾರ್ಖಾನೆಯನ್ನು ಟಾಟಾ ಕೊಳ್ಳುತ್ತದೆ ಎಂದು 2023ರ ಅಕ್ಟೋಬರಿನಲ್ಲಿ ಪ್ರಕಟವಾಯಿತು, 12.5 ಕೋಟಿ ಡಾಲರಿನ ವ್ಯವಹಾರ. ಆದರೂ ಡೂಂಲೈಟ್ ವೃತ್ತದ ಸುತ್ತಮುತ್ತಲ ಅಂಗಡಿಗಳಲ್ಲಿ ಗಿರಾಕಿ ಕೇಳುವ ಪ್ರಶ್ನೆ ಒಂದೇ: "ಇಲ್ಲೇ ತಯಾರಾಗುತ್ತಲ್ಲ ಸಾರ್, ಇಲ್ಲಿ ಯಾಕೆ ಕಡಿಮೆ ಇಲ್ಲ? ಕೇಳಿದ ಬಣ್ಣ ಯಾಕೆ ಸಿಗಲ್ಲ?"

ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕಾದರೆ ಎರಡು ಒಪ್ಪಂದಗಳನ್ನು ತಿಳಿದಿರಬೇಕು. ಒಂದು, ಫೋನ್ ಕಂಪನಿಗೂ ಚಿಪ್ ಕೊಡುವವರಿಗೂ ನಡುವಿನದು. ಇನ್ನೊಂದು, ಫೋನ್ ಕಂಪನಿಗೂ ಮಾರುವವರಿಗೂ ನಡುವಿನದು. ನಿಮ್ಮ ಶೋಕೇಸಿನಲ್ಲಿ ಯಾವ ಡಬ್ಬ ಇರಬೇಕು, ಯಾವ ದರಕ್ಕೆ ಇರಬೇಕು, ಹಬ್ಬದ ವಾರ ಇರುತ್ತದೋ ಇಲ್ಲವೋ ಎಂಬುದನ್ನು ಬಹುಪಾಲು ಈ ಎರಡೇ ತೀರ್ಮಾನಿಸುತ್ತವೆ. ಗಿರಾಕಿಯ ಆಯ್ಕೆ ಶುರುವಾಗುವುದು ಇವೆರಡೂ ಮುಗಿದ ಮೇಲೆ. ಜೋಡಿಸುವ ಜಾಗ ನರಸಾಪುರವೋ ಷೆನ್‌ಜೆನ್ನೋ ಎಂಬುದು ಸಾವಿರಾರು ಜನರ ಸಂಬಳದ ಮಟ್ಟಿಗೆ ದೊಡ್ಡ ವಿಷಯ. ಕೌಂಟರಿನ ಬೆಲೆಯ ಮಟ್ಟಿಗೆ ಮಾತ್ರ ಅದು ಚಿಕ್ಕದು.

ಚಿಪ್ಪಿಗೂ ಒಂದು ಬೆಳೆಗಾಲ ಇದೆ

ಆ ಐಫೋನಿನ ಮುಖ್ಯ ಚಿಪ್ಪನ್ನು ಆಪಲ್ ಕಂಪನಿ ವಿನ್ಯಾಸ ಮಾಡುತ್ತದೆ, ತೈವಾನಿನ ಟಿಎಸ್‌ಎಂಸಿ ತಯಾರಿಸುತ್ತದೆ. ಆಂಡ್ರಾಯ್ಡ್ ಫೋನುಗಳಿಗೆ ಚಿಪ್ ಮಾರುವ ಕ್ವಾಲ್ಕಾಮ್, ಮೀಡಿಯಾಟೆಕ್‌ಗಳಿಗೂ ಸ್ವಂತ ಕಾರ್ಖಾನೆ ಇಲ್ಲ. ಮುಂಚೂಣಿಯ ಚಿಪ್ಪುಗಳನ್ನು ಇವರೂ ಹೆಚ್ಚಾಗಿ ಅದೇ ಟಿಎಸ್‌ಎಂಸಿ ಬಾಗಿಲಿಗೆ ಹೋಗಿ ಮಾಡಿಸಿಕೊಳ್ಳುತ್ತಾರೆ. ಇನ್ನೊಬ್ಬರ ಚಿಪ್ಪನ್ನು ಮಾತ್ರ ತಯಾರಿಸಿಕೊಡುವ ಈ ಕಸುಬನ್ನು 1987ರಲ್ಲಿ ಮಾರಿಸ್ ಚಾಂಗ್ ಶುರು ಮಾಡಿದರು. ಅಂಗಡಿಯಲ್ಲಿ ಬದ್ಧ ವೈರಿಗಳಂತೆ ಕಾಣುವ ಬ್ರಾಂಡುಗಳು ಅಲ್ಲಿ ಒಂದೇ ಸಾಲಿನಲ್ಲಿ ನಿಂತಿರುತ್ತವೆ.

ಟೊಮೆಟೊ ಮಂಡಿಯ ಊರಿನಲ್ಲಿ ಇದನ್ನು ಹೇಳುವುದು ಸುಲಭ. ಬೆಲೆ ಏರಿತು ಎಂದು ಇವತ್ತು ನಾಟಿ ಮಾಡಿದರೆ ನಾಳೆ ಹಣ್ಣು ಬರುವುದಿಲ್ಲ; ಮೊದಲ ಕೊಯ್ಲಿಗೆ 60ರಿಂದ 75 ದಿನ ಬೇಕು. ಚಿಪ್ಪಿನ ಬೆಳೆ ಅದಕ್ಕಿಂತ ನಿಧಾನ. ಹೊಸ ತಲೆಮಾರಿನ ಒಂದು ವೇಫರ್ (ಚಿಪ್ಪುಗಳನ್ನು ಬಿಡಿಸುವ ಸಿಲಿಕಾನ್ ತಟ್ಟೆ) ಸಾವಿರಕ್ಕೂ ಹೆಚ್ಚು ಹಂತ ದಾಟಬೇಕು. ಅದಕ್ಕೇ ಮೂರು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು. ಆಮೇಲೆ ಕತ್ತರಿಸಿ, ಪ್ಯಾಕೇಜ್ ಮಾಡಿ, ಪರೀಕ್ಷಿಸಲು ಕೆಲವು ವಾರ. ಆಮೇಲೆ ಬೋರ್ಡಿಗೆ ಕೂರಿಸಿ, ಫೋನು ಜೋಡಿಸಿ, ಡಿಸ್ಟ್ರಿಬ್ಯೂಟರ್ ಗೋದಾಮು ದಾಟಿ ನಿಮ್ಮ ಕೌಂಟರಿಗೆ ಬರಬೇಕು. ಯುಗಾದಿ ಆಸುಪಾಸಿನಲ್ಲಿ ವೇಫರಿಗೆ ಆರ್ಡರ್ ಹೋಗಿರದಿದ್ದರೆ ದೀಪಾವಳಿಗೆ ಡಬ್ಬ ಇಲ್ಲ ಎಂದೇ ಲೆಕ್ಕ. ಫೋನಿನ ವಿನ್ಯಾಸ, ಯಾವ ಚಿಪ್ ಎಂಬ ತೀರ್ಮಾನ ಅದಕ್ಕೂ ಮುಂಚಿನದು, ಸಾಮಾನ್ಯವಾಗಿ ಒಂದು ವರ್ಷ ಹಿಂದಿನದು. ಹಬ್ಬದ ವಾರ ಯಾವ ಫೋನು ಓಡುತ್ತದೆ ಎಂದು ಬ್ರಾಂಡಿನವರು ನಿಮ್ಮನ್ನು ಕೇಳುವ ಹೊತ್ತಿಗೆ ಎಷ್ಟು ಬರಬೇಕು ಎಂಬುದು ತೀರ್ಮಾನವಾಗಿ ತಿಂಗಳುಗಳೇ ಕಳೆದಿರುತ್ತವೆ.

ಬೆಲೆ ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದನ್ನೂ ಒಮ್ಮೆ ಲೆಕ್ಕ ಹಾಕಿ ನೋಡೋಣ. ವೇಫರ್ ಅಂದರೆ 300 ಮಿಲಿಮೀಟರ್ ಅಗಲದ ದುಂಡನೆಯ ಸಿಲಿಕಾನ್ ತಟ್ಟೆ. ಅದರ ಮೇಲೆ 10 ಮಿಮೀ ಉದ್ದ, 10 ಮಿಮೀ ಅಗಲದ ಚಿಪ್ಪುಗಳನ್ನು ಬಿಡಿಸಿದರೆ, ಅಂಚಿನಲ್ಲಿ ಅರ್ಧಂಬರ್ಧ ಬರುವುದನ್ನು ಬಿಟ್ಟು ಸುಮಾರು 640 ಸಿಗುತ್ತವೆ. ಅದರಲ್ಲಿ 100ಕ್ಕೆ 80 ಚೆನ್ನಾಗಿದ್ದರೆ 512. 100ಕ್ಕೆ 60 ಮಾತ್ರ ಚೆನ್ನಾಗಿದ್ದರೆ 384. ವೇಫರಿಗೆ 10 ಲಕ್ಷ ರೂಪಾಯಿ ಎಂದು ಉದಾಹರಣೆಗೆ ಇಟ್ಟುಕೊಳ್ಳಿ. ಮೊದಲನೆಯದರಲ್ಲಿ ಚಿಪ್ಪಿಗೆ 1,953 ರೂಪಾಯಿ ಬೀಳುತ್ತದೆ, ಎರಡನೆಯದರಲ್ಲಿ 2,604. ತಟ್ಟೆ ಅದೇ, ಕೆಲಸ ಅದೇ, ಒಂದು ಚಿಪ್ಪಿನ ಮೇಲೆ 651 ರೂಪಾಯಿ ವ್ಯತ್ಯಾಸ. ಹೊಸ ತಂತ್ರದಲ್ಲಿ ಮೊದಮೊದಲು ಹಾಳಾಗುವುದು ಹೆಚ್ಚು. ಅದಕ್ಕೇ ಅದು ಮೊದಲು ದುಬಾರಿ ಫೋನಿಗೆ ಹೋಗುತ್ತದೆ, ಎರಡು ಮೂರು ವರ್ಷದ ಮೇಲೆ 15 ಸಾವಿರದ ಫೋನಿಗೆ ಇಳಿಯುತ್ತದೆ. ಪೂರ್ತಿ ಕೆಟ್ಟಿರದ, ಒಂದು ಭಾಗ ಮಾತ್ರ ಕೈಕೊಟ್ಟ ಚಿಪ್ಪನ್ನೂ ಎಸೆಯುವುದಿಲ್ಲ. ಆ ಭಾಗವನ್ನು ಮುಚ್ಚಿ ಕೆಳಗಿನ ಮಾದರಿಗೆ ಹಾಕುತ್ತಾರೆ. 2020ರ ಆಪಲ್ ಲ್ಯಾಪ್‌ಟಾಪ್ ಎಂ1 ಮ್ಯಾಕ್‌ಬುಕ್ ಏರ್‌ನ ಕಡಿಮೆ ಬೆಲೆಯ ಮಾದರಿಯಲ್ಲಿ ಗ್ರಾಫಿಕ್ಸ್ ಕೋರ್ 7, ಮೇಲಿನದರಲ್ಲಿ 8 ಇದ್ದದ್ದು ಈ ಪದ್ಧತಿಯಿಂದ.

ಚಿಪ್ಪು ಒಂಟಿಯಾಗಿ ಬರುವುದಿಲ್ಲ ಎಂಬುದು ರಿಪೇರಿ ಕೆಲಸದವರಿಗೆ ಗೊತ್ತೇ ಇದೆ. ಮೀಡಿಯಾಟೆಕ್‌ನ ಎಂಟಿ6765 ಪ್ರೊಸೆಸರ್ ಇರುವ ಬೋರ್ಡಿನಲ್ಲಿ ಪವರ್ ಐಸಿ (ವಿದ್ಯುತ್ ಹಂಚುವ ಸಣ್ಣ ಚಿಪ್) ಎಂಟಿ6357 ಇರುತ್ತದೆ. ಬೇರೆ ಕಂಪನಿಯ ಪವರ್ ಐಸಿ ಅಲ್ಲಿ ಕೂರುವುದಿಲ್ಲ. ಪ್ರೊಸೆಸರ್, ಪವರ್ ಐಸಿ, ಸಿಗ್ನಲ್ಲಿನ ಆರ್‌ಎಫ್ ಐಸಿ, ಜೊತೆಗೆ ಆಂಡ್ರಾಯ್ಡ್ ಓಡಿಸಲು ಬೇಕಾದ ಕೆಳಪದರದ ಸಾಫ್ಟ್‌ವೇರ್, ಬೋರ್ಡಿನ ಮಾದರಿ ನಕ್ಷೆ, ಎಲ್ಲವನ್ನೂ ಸೆಟ್ಟಾಗಿ ಒಬ್ಬನೇ ಕೊಡುತ್ತಾನೆ. ಇದರಿಂದ ಸಣ್ಣ ಬ್ರಾಂಡಿಗೆ ಅನುಕೂಲ: ದೊಡ್ಡ ಎಂಜಿನಿಯರ್ ಪಡೆ ಇಲ್ಲದೆ ಕೆಲವೇ ತಿಂಗಳಲ್ಲಿ ಫೋನು ಹೊರಡಿಸಬಹುದು. ಮೀಡಿಯಾಟೆಕ್ ಬೆಳೆದದ್ದೇ ಹೀಗೆ. ತೊಂದರೆಯೂ ಅಲ್ಲೇ ಇದೆ. ಒಂದು ಸೆಟ್ಟಿಗೆ ಒಗ್ಗಿಕೊಂಡ ಬ್ರಾಂಡು ಇನ್ನೊಂದಕ್ಕೆ ಹಾರಬೇಕಾದರೆ ಬೋರ್ಡು, ಆಂಟೆನಾ, ಕ್ಯಾಮೆರಾ ಹೊಂದಾಣಿಕೆ, ಪರೀಕ್ಷೆಗಳು ಎಲ್ಲ ಮತ್ತೆ ಮೊದಲಿಂದ ಆಗಬೇಕು. ಪವರ್ ಐಸಿ ಒಂದೊಂದಾಗಿ ಅಂಗಡಿಗೆ ಮಾರಲು ಚಿಪ್ ಕಂಪನಿಗೆ ಆಸಕ್ತಿಯಿಲ್ಲ. ಆದ್ದರಿಂದಲೇ ನೀವು ಡೆಡ್ ಬೋರ್ಡಿನಿಂದ ಎತ್ತಿ, ರೀಬಾಲ್ ಮಾಡಿ (ಬೆಸುಗೆ ಗುಂಡುಗಳನ್ನು ಹೊಸದಾಗಿ ಹಾಕಿ) ಕೂರಿಸಬೇಕಾಗುತ್ತದೆ.

ಅಪ್‌ಡೇಟ್ ವಿಷಯವೂ ಇಲ್ಲೇ ಕಟ್ಟಿಬೀಳುತ್ತದೆ. ಕೆಳಪದರದ ಸಾಫ್ಟ್‌ವೇರನ್ನು ಚಿಪ್ ಕಂಪನಿ ಹೊಸ ಆಂಡ್ರಾಯ್ಡಿಗೆ ತಿದ್ದಿಕೊಡದಿದ್ದರೆ ಫೋನ್ ಕಂಪನಿಯ ಕೈ ಕಟ್ಟಿದಂತೆ. ನೆದರ್ಲೆಂಡಿನ ಫೇರ್‌ಫೋನ್ 2ಕ್ಕೆ ಹಾಗೇ ಆಯಿತು. ಅದರಲ್ಲಿದ್ದ ಕ್ವಾಲ್ಕಾಮ್‌ನ ಸ್ನ್ಯಾಪ್‌ಡ್ರ್ಯಾಗನ್ 801 ಚಿಪ್ಪಿಗೆ ಆಂಡ್ರಾಯ್ಡ್ 7ರ ಹೊತ್ತಿಗೆ ಬೆಂಬಲ ನಿಂತಿತು. ಆ ಕಂಪನಿ ಸ್ವಂತ ಶ್ರಮದಿಂದ ಆಂಡ್ರಾಯ್ಡ್ 10ರ ತನಕ ಎಳೆದುಕೊಂಡು ಹೋಯಿತು. ಹಾಗೆ ಎಳೆಯುವ ಕಂಪನಿಗಳು ಬಹಳ ಕಡಿಮೆ. 2025ರಲ್ಲಿ ಕ್ವಾಲ್ಕಾಮ್ ತನ್ನ ಮೇಲ್ದರ್ಜೆಯ ಹೊಸ ಚಿಪ್ಪುಗಳಿಗೆ 8 ವರ್ಷದ ತನಕ ಬೆಂಬಲ ಕೊಡಲು ಒಪ್ಪಿದೆ. ಅದನ್ನು ಬಳಸಿಕೊಳ್ಳುವುದು ಬಿಡುವುದು ಆಯಾ ಬ್ರಾಂಡಿಗೆ ಬಿಟ್ಟದ್ದು. ಹಾಗಾಗಿ ಎಷ್ಟು ವರ್ಷ ಅಪ್‌ಡೇಟ್ ಎಂದು ಗಿರಾಕಿ ಕೇಳಿದಾಗ ಬ್ರಾಂಡಿನ ಹೆಸರು ನೋಡಿ ಹೇಳಬೇಡಿ, ಆ ಮಾದರಿಗೇ ಬರೆದುಕೊಟ್ಟ ಮಾತನ್ನು ನೋಡಿ ಹೇಳಿ.

ಸಾಲಿನಲ್ಲಿ ಹಿಂದೆ ನಿಂತವರು

ಚಿಪ್ ಕಡಿಮೆ ಬಿದ್ದಾಗ ಯಾರಿಗೆ ಮೊದಲು? ಮುಂಗಡ ಕೊಟ್ಟವರಿಗೆ, ವರ್ಷಪೂರ್ತಿ ಇಷ್ಟು ಕೊಳ್ಳುತ್ತೇವೆ ಎಂದು ಸಹಿ ಹಾಕಿದವರಿಗೆ, ದುಬಾರಿ ಚಿಪ್ಪನ್ನು ಹೆಚ್ಚು ಎತ್ತುವವರಿಗೆ. ಕಡಿಮೆ ಬೆಲೆಯ ಫೋನು ಮಾಡುವವರು ಸಾಲಿನ ಕೊನೆಯಲ್ಲಿರುತ್ತಾರೆ. ಕೋಲಾರ, ಮುಳಬಾಗಿಲು, ಚಿಂತಾಮಣಿಯಂಥ ಊರುಗಳ ವ್ಯಾಪಾರವೆಲ್ಲ ನಿಂತಿರುವುದು ಹೆಚ್ಚಾಗಿ ಆ ಕೊನೆಯವರ ಮೇಲೆ.

2021 ಇದಕ್ಕೆ ಸಾಕ್ಷಿ. ರಿಲಯನ್ಸಿನ ಜಿಯೋಫೋನ್ ನೆಕ್ಸ್ಟ್ ಆ ವರ್ಷ ಸೆಪ್ಟೆಂಬರ್ 10ರ ಗಣೇಶನ ಹಬ್ಬಕ್ಕೆ ಬರಬೇಕಿತ್ತು. ಚಿಪ್ ಕೊರತೆಯ ಕಾರಣ ಕೊಟ್ಟು ಮುಂದೂಡಿದರು. ನವೆಂಬರ್ 4ರ ದೀಪಾವಳಿಗೆ 6,499 ರೂಪಾಯಿಗೆ ಬಂತು. ಗೂಗಲ್ ಜೊತೆಗಿದ್ದರೂ, ದೇಶದ ಅತಿ ದೊಡ್ಡ ಟೆಲಿಕಾಂ ಕಂಪನಿಯ ಫೋನಾದರೂ ಒಂದು ಹಬ್ಬ ಕೈತಪ್ಪಿತು. ಆ ಕೊರತೆಯಲ್ಲಿ ಎಲ್ಲರನ್ನೂ ಕಾಡಿದ್ದು ಬರೀ ದೊಡ್ಡ ಪ್ರೊಸೆಸರ್ ಅಲ್ಲ. ಡಿಸ್‌ಪ್ಲೇ ಓಡಿಸುವ ಡ್ರೈವರ್ ಐಸಿ, ಪವರ್ ಐಸಿಯಂಥ ಸಣ್ಣ ಬೆಲೆಯ ಚಿಪ್ಪುಗಳೂ ಸಿಗಲಿಲ್ಲ. ಇವುಗಳಲ್ಲಿ ಬಹಳಷ್ಟನ್ನು 200 ಮಿಮೀ ವೇಫರಿನ ಹಳೇ ಲೈನುಗಳಲ್ಲಿ ಮಾಡುತ್ತಾರೆ. ಹಳೇ ಲೈನಿಗೆ ಹೊಸ ಬಂಡವಾಳ ಹಾಕಲು ಯಾರಿಗೂ ಮನಸ್ಸಿಲ್ಲ, ಏಕೆಂದರೆ ಲಾಭ ಕಡಿಮೆ. ಹೀಗೆ ಒಂದು ಡಾಲರಿನ ಆಸುಪಾಸಿನ ಐಸಿ ಇಲ್ಲದೆ ಟಿವಿ, ಫೋನು, ಕಾರು ಎಲ್ಲ ಲೈನಿನಲ್ಲಿ ನಿಂತವು. ಅಡುಗೆ ಎಲ್ಲ ಸಿದ್ಧವಿದ್ದು ಉಪ್ಪಿಲ್ಲದ ಸ್ಥಿತಿ.

2025ರ ಕೊನೆಯಲ್ಲಿ ಇದೇ ಸಂಕಟ ಮೆಮೊರಿಗೆ ಬಂತು. ಜಗತ್ತಿನ ರ‍್ಯಾಮ್‌ನಲ್ಲಿ ಬಹುಪಾಲು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರು ಮನೆಗಳದು. ಎಐ ಸರ್ವರುಗಳಿಗೆ ಬೇಕಾದ ಮೆಮೊರಿಗೆ ಹೆಚ್ಚು ಲಾಭ, ಆದ್ದರಿಂದ ಲೈನುಗಳು ಅತ್ತ ತಿರುಗಿದವು. ಫೋನಿಗೂ ಲ್ಯಾಪ್‌ಟಾಪಿಗೂ ಹೋಗುವ ರ‍್ಯಾಮ್ ದುಬಾರಿಯಾಯಿತು. ಮೈಕ್ರಾನ್ ಡಿಸೆಂಬರಿನಲ್ಲಿ ತನ್ನ ಕ್ರೂಷಿಯಲ್ ಹೆಸರಿನ ಚಿಲ್ಲರೆ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ಕಂಪ್ಯೂಟರ್ ಅಂಗಡಿಗಳಲ್ಲಿ ವರ್ಷಗಟ್ಟಲೆ ನೇತಾಡುತ್ತಿದ್ದ ಹೆಸರು ಅದು! ಮೆಮೊರಿ ಏರಿದಾಗ 60 ಸಾವಿರದ ಫೋನು ಹೇಗೋ ತಡೆದುಕೊಳ್ಳುತ್ತದೆ. 10 ಸಾವಿರದ ಫೋನಿಗೆ ದಾರಿ ಎರಡೇ: ದರ ಏರಿಸುವುದು, ಇಲ್ಲವೇ 6 ಜಿಬಿ ಇದ್ದ ಕಡೆ 4 ಜಿಬಿ ಹಾಕುವುದು. ಎರಡನೆಯದನ್ನು ಗಿರಾಕಿ ಬೇಗ ಗಮನಿಸುವುದಿಲ್ಲ. ಹೇಳಬೇಕಾದವರು ನೀವೇ.

ಒಂದೇ ಹೆಸರು, ಎರಡು ಚಿಪ್ಪು

2014ರ ಡಿಸೆಂಬರಿನ ಒಂದು ಪ್ರಕರಣವನ್ನು ವಿದ್ಯಾರ್ಥಿಗಳು ಬರೆದಿಟ್ಟುಕೊಳ್ಳಬೇಕು. ಚಿಪ್ ಒಪ್ಪಂದ ಹೇಗೆ ನೇರವಾಗಿ ಮಾರುಕಟ್ಟೆಯ ಬಾಗಿಲು ಮುಚ್ಚಬಲ್ಲದು ಎಂಬುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಚೀನಾದ ಶವೋಮಿ ಆ ವರ್ಷ ಜುಲೈನಲ್ಲಿ ಭಾರತಕ್ಕೆ ಬಂದು ಫ್ಲಿಪ್‌ಕಾರ್ಟ್ ಒಂದರಲ್ಲೇ ಮಾರುತ್ತಿತ್ತು. ಸ್ವೀಡನಿನ ಟೆಲಿಕಾಂ ಕಂಪನಿ ಎರಿಕ್ಸನ್ ತನ್ನ ಪೇಟೆಂಟಿಗೆ ಶುಲ್ಕ ಕೊಟ್ಟಿಲ್ಲ ಎಂದು ದೂರಿತು. ದೆಹಲಿ ಹೈಕೋರ್ಟ್ ಡಿಸೆಂಬರ್ 8ರಂದು ಮಾರಾಟ ತಡೆಯಿತು. ಒಂದು ವಾರದ ಮೇಲೆ, 16ರಂದು, ವಿಭಾಗೀಯ ಪೀಠ ತಾತ್ಕಾಲಿಕವಾಗಿ ದಾರಿ ಬಿಟ್ಟಿತು: ಕ್ವಾಲ್ಕಾಮ್ ಚಿಪ್ ಇರುವ ಫೋನು ಮಾತ್ರ ಮಾರಬಹುದು, ಪ್ರತಿ ಫೋನಿಗೆ 100 ರೂಪಾಯಿ ಠೇವಣಿ ಇಡಬೇಕು. ಏಕೆಂದರೆ ಕ್ವಾಲ್ಕಾಮ್‌ಗೆ ಎರಿಕ್ಸನ್ ಜೊತೆ ಲೈಸೆನ್ಸ್ ಇದೆ ಎಂಬುದು ಶವೋಮಿಯ ವಾದವಾಗಿತ್ತು.

ಪರಿಣಾಮ ನೋಡಿ. ಶವೋಮಿಯ ರೆಡ್‌ಮಿ ನೋಟ್ ಎಂಬ ಒಂದೇ ಹೆಸರಿನಲ್ಲಿ ಎರಡು ಫೋನಿದ್ದವು. 3ಜಿ ಮಾದರಿಯಲ್ಲಿ ಮೀಡಿಯಾಟೆಕ್, 4ಜಿ ಮಾದರಿಯಲ್ಲಿ ಸ್ನ್ಯಾಪ್‌ಡ್ರ್ಯಾಗನ್. ಹೊರಗಿನ ಆಕಾರ ಹೆಚ್ಚುಕಡಿಮೆ ಒಂದೇ. ಒಂದು ಮಾರಾಟಕ್ಕೆ ಉಳಿಯಿತು, ಇನ್ನೊಂದು ನಿಂತಿತು. ತೀರ್ಮಾನಿಸಿದ್ದು ಒಳಗಿನ ಚಿಪ್ಪು.

ಚಿಪ್ಪಿನ ದರ ಬೇರೆ, ಪೇಟೆಂಟ್ ಶುಲ್ಕ ಬೇರೆ ಎಂಬುದೂ ಇಲ್ಲಿ ಗಮನಿಸಬೇಕಾದ್ದು. ಕ್ವಾಲ್ಕಾಮ್ ಪ್ರಕಟಿಸಿರುವ ದರದಂತೆ ಹಲವು ತಲೆಮಾರಿನ ನೆಟ್‌ವರ್ಕಿಗೆ ಹೊಂದುವ 5ಜಿ ಫೋನಿಗೆ ಅದರ ಅಗತ್ಯ ಪೇಟೆಂಟುಗಳ ಶುಲ್ಕ ಫೋನಿನ ಬೆಲೆಯ ಶೇ. 3.25; ಲೆಕ್ಕಕ್ಕೆ ಹಿಡಿಯುವ ಬೆಲೆಗೆ 400 ಡಾಲರಿನ ಮಿತಿ. ಚಿಪ್ಪನ್ನು ಬೇರೆಯವರಿಂದ ಕೊಂಡರೂ ಈ ಶುಲ್ಕ ತಪ್ಪುವುದಿಲ್ಲ. ಅಮೆರಿಕದ ವ್ಯಾಪಾರ ಆಯೋಗ 2017ರಲ್ಲಿ ಇದರ ವಿರುದ್ಧ ಮೊಕದ್ದಮೆ ಹೂಡಿತು, 2019ರಲ್ಲಿ ಗೆದ್ದಿತು, 2020ರಲ್ಲಿ ಮೇಲ್ಮನವಿಯಲ್ಲಿ ಸೋತಿತು. ಪದ್ಧತಿ ಉಳಿಯಿತು.

ನಮ್ಮ ಬ್ರಾಂಡುಗಳ ಕಥೆಗೂ ಚಿಪ್ಪಿನ ಒಂದು ಎಳೆ ಇದೆ. ಮೈಕ್ರೋಮ್ಯಾಕ್ಸ್, ಕಾರ್ಬನ್, ಇಂಟೆಕ್ಸ್ 2014ರ ಹೊತ್ತಿಗೆ ಪ್ರತಿ ಅಂಗಡಿಯಲ್ಲೂ ಇದ್ದವು; ಸಿದ್ಧ ಸೆಟ್ ಚಿಪ್ಪು, ಚೀನಾದಲ್ಲಿ ಜೋಡಣೆ, ಜಿಲ್ಲೆ ಜಿಲ್ಲೆಗೆ ಡಿಸ್ಟ್ರಿಬ್ಯೂಟರು. 2016ರ ಸೆಪ್ಟೆಂಬರ್ 5ರಂದು ಜಿಯೋ ಬಂತು. ಅದು ಪೂರಾ 4ಜಿ ಜಾಲ, ಕರೆಗೂ ವೋಲ್ಟೆ (4ಜಿ ಮೇಲೇ ಮಾತಾಡುವ ಸೌಲಭ್ಯ) ಬೇಕು. 3ಜಿ ಚಿಪ್ಪಿನ ಫೋನು ತುಂಬಿಕೊಂಡಿದ್ದ ಬ್ರಾಂಡಿಗೂ ಅಂಗಡಿಗೂ ಆ ಸ್ಟಾಕು ಕೈಗೆ ಅಂಟಿತು. ಜಿಯೋ 'ಲೈಫ್' ಎಂಬ ಹೆಸರಿನ ತನ್ನದೇ ಫೋನುಗಳನ್ನು ರಿಲಯನ್ಸ್ ಡಿಜಿಟಲ್ ಮಳಿಗೆಗಳಲ್ಲಿ ಸಿದ್ಧವಾಗಿಟ್ಟಿತ್ತು. ನವೆಂಬರ್ 8ರ ನೋಟು ರದ್ದತಿ ನಗದು ವ್ಯಾಪಾರಕ್ಕೆ ಇನ್ನೊಂದು ಪೆಟ್ಟು ಕೊಟ್ಟಿತು. ಚೀನಾದ ಬ್ರಾಂಡುಗಳ ಜಾಹೀರಾತು ಹಣ ಇವರ ಸೋಲಿಗೆ ಒಂದು ಕಾರಣ, ನಿಜ. ಆದರೆ ಚಿಪ್ಪಿನ ತಲೆಮಾರು ಬದಲಾಗುವಾಗ ಆರು ತಿಂಗಳು ಹಿಂದೆ ಬಿದ್ದದ್ದೇ ಮುಖ್ಯ ಪೆಟ್ಟು ಎಂಬುದು ನಮ್ಮ ಅಭಿಪ್ರಾಯ.

ಚಿಪ್ ಕಂಪನಿಯ ದುಡ್ಡು ಅಂಗಡಿಯ ತನಕ

ಲ್ಯಾಪ್‌ಟಾಪಿನ ಮೇಲಿನ ಇಂಟೆಲ್ ಸ್ಟಿಕರ್ 1991ರ 'ಇಂಟೆಲ್ ಇನ್‌ಸೈಡ್' ಯೋಜನೆಯಿಂದ ಬಂದದ್ದು. ಕಂಪ್ಯೂಟರ್ ಕಂಪನಿ ತನ್ನ ಜಾಹೀರಾತಿನಲ್ಲಿ ಇಂಟೆಲ್ ಗುರುತು ಹಾಕಿದರೆ ಖರ್ಚಿನ ಒಂದು ಪಾಲನ್ನು ಇಂಟೆಲ್ ತುಂಬಿಕೊಡುತ್ತಿತ್ತು. ಅದು ನ್ಯಾಯವಾದ ಪ್ರಚಾರ. ಇನ್ನೊಂದು ಬಗೆಯ ಪಾವತಿ ವಿವಾದಕ್ಕೆ ಹೋಯಿತು. ಯುರೋಪಿಯನ್ ಆಯೋಗ 2009ರಲ್ಲಿ ಇಂಟೆಲ್‌ಗೆ 106 ಕೋಟಿ ಯೂರೋ ದಂಡ ಹಾಕಿತು. ಅದರ ಆರೋಪಗಳಲ್ಲಿ ಒಂದು: ಮೀಡಿಯಾ ಸ್ಯಾಟರ್ನ್ ಎಂಬ ದೊಡ್ಡ ಮಳಿಗೆ ಸರಣಿಗೆ, ಇಂಟೆಲ್ ಚಿಪ್ಪಿನ ಕಂಪ್ಯೂಟರ್ ಮಾತ್ರ ಮಾರಬೇಕು ಎಂಬ ಷರತ್ತಿನ ಮೇಲೆ ದುಡ್ಡು ಕೊಟ್ಟಿದ್ದು. ಇನ್ನೊಂದು: ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿಯ ಚಿಪ್ಪಿನ ಕಚೇರಿ ಕಂಪ್ಯೂಟರುಗಳನ್ನು ವಿತರಕರ ಮೂಲಕ ಕಳಿಸಬಾರದು, ನೇರ ಮಾರಾಟದಲ್ಲಿ ಮಾತ್ರ ಇಡಬೇಕು ಎಂದು ಎಚ್‌ಪಿಗೆ ಷರತ್ತು ಹಾಕಿದ್ದು. ರಿಯಾಯಿತಿಯ ಭಾಗದ ತೀರ್ಪನ್ನು 2022ರಲ್ಲಿ ಯುರೋಪಿನ ನ್ಯಾಯಾಲಯ ರದ್ದು ಮಾಡಿತು, 2024ರಲ್ಲಿ ಮೇಲಿನ ನ್ಯಾಯಾಲಯವೂ ಒಪ್ಪಿತು. ಎಚ್‌ಪಿ ಮುಂತಾದವರ ಮೇಲಿನ ನೇರ ನಿರ್ಬಂಧದ ಭಾಗಕ್ಕೆ ಮಾತ್ರ ಆಯೋಗ 2023ರಲ್ಲಿ 37.6 ಕೋಟಿ ಯೂರೋ ದಂಡವನ್ನು ಮತ್ತೆ ಹಾಕಿತು.

ಈ ಪ್ರಕರಣದ ತಿರುಳು ದಂಡದ ಮೊತ್ತದಲ್ಲಿ ಇಲ್ಲ. ಚಿಪ್ಪು ಮಾಡುವವನಿಗೆ ಗೊತ್ತಿತ್ತು: ಗಿರಾಕಿಯ ಮನಸ್ಸು ಬದಲಿಸುವುದಕ್ಕಿಂತ ಅವನ ಕಣ್ಣಿಗೆ ಬೀಳುವ ಶೆಲ್ಫನ್ನು ಬದಲಿಸುವುದು ಅಗ್ಗ.

20ನೇ ಫೋನಿನ ಲೆಕ್ಕ

ಇನ್ನು ಎರಡನೇ ಒಪ್ಪಂದಕ್ಕೆ ಬರೋಣ. ಇದು ನಿಮ್ಮ ಮೇಜಿನ ಮೇಲೆ ಪ್ರತಿ ತಿಂಗಳು ಬರುವ ಸ್ಕೀಮ್ ಲೆಟರ್. ಉದಾಹರಣೆಗೆ ಒಂದು ಫೋನು ತೆಗೆದುಕೊಳ್ಳೋಣ. ಡೀಲರ್ ದರ 14,400. ಮಾರಬೇಕಾದ ದರ 14,999. ಕೈಯಲ್ಲಿ ಉಳಿಯುವುದು 599. ಗಿರಾಕಿ ಕ್ರೆಡಿಟ್ ಕಾರ್ಡ್ ಉಜ್ಜಿ, ಯಂತ್ರದವರು ಶೇ. 1.8 ಹಿಡಿದರೆ 270 ಹೋಯಿತು. ಉಳಿದದ್ದು 329. ಇದರಲ್ಲಿ ಬಾಡಿಗೆ, ಕರೆಂಟು, ಹುಡುಗರ ಸಂಬಳ.

ಆದ್ದರಿಂದ ಎಲ್ಲರ ಕಣ್ಣು ಸ್ಲ್ಯಾಬಿನ ಮೇಲೆ, ಅಂದರೆ ಇಷ್ಟು ಮಾರಿದರೆ ಇಷ್ಟು ಹೆಚ್ಚುವರಿ ಎಂಬ ಮಿತಿಯ ಮೇಲೆ. ತಿಂಗಳಿಗೆ 20 ಫೋನು ಆ್ಯಕ್ಟಿವೇಟ್ ಆದರೆ ಡೀಲರ್ ದರದ ಮೇಲೆ ಶೇ. 2 ಎಂದಿಟ್ಟುಕೊಳ್ಳಿ. ಒಂದಕ್ಕೆ 288, ಇಪ್ಪತ್ತಕ್ಕೆ 5,760. ಹತ್ತೊಂಬತ್ತಾದರೆ ಸೊನ್ನೆ. 30ನೇ ತಾರೀಕು ಸಂಜೆ 19ರಲ್ಲಿ ನಿಂತ ಅಂಗಡಿಯವರು ಏನು ಮಾಡುತ್ತಾರೆ? 20ನೇ ಫೋನನ್ನು 12,000ಕ್ಕೆ ಬಿಟ್ಟರೂ ನಷ್ಟ 2,400. ಸ್ಲ್ಯಾಬಿನಿಂದ 5,760 ಬಂದು 3,360 ಕೈಗೆ ಸಿಗುತ್ತದೆ. ಲೆಕ್ಕ ಸರಿಯಾಗಿದೆ. ಆದರೆ ಮಾರನೇ ದಿನ ಗಿರಾಕಿ ಪಕ್ಕದ ಅಂಗಡಿಗೆ ಹೋಗಿ 12,000ಕ್ಕೇ ಕೊಡಿ ಎನ್ನುತ್ತಾನೆ. ಇಡೀ ರಸ್ತೆಯ ದರ ಹಾಳಾಗುವುದು ಹೀಗೆ. ಅಂಗಡಿಯವರ ದುರಾಸೆ ಎಂದು ಬೈಯುವವರಿದ್ದಾರೆ. ಅದು ಸ್ಲ್ಯಾಬ್ ಕಟ್ಟಿದ ರೀತಿಯ ದೋಷ. 15ಕ್ಕೆ ಶೇ. 1, 20ಕ್ಕೆ ಶೇ. 2 ಎಂದು ಮೆಟ್ಟಿಲು ಮಾಡಿದರೆ 19ರಲ್ಲಿ ನಿಂತವರಿಗೆ ಹೀಗೆ ಬೀಳುವ ಒತ್ತಡ ಕಡಿಮೆಯಾಗುತ್ತದೆ.

ಕೆಲವರು ಕೊನೇ ದಿನ ಹತ್ತು ಹದಿನೈದು ಫೋನನ್ನು ಬೆಂಗಳೂರಿನ ಬಲ್ಕ್ ವ್ಯಾಪಾರಿಗೆ ಹಾಕುತ್ತಾರೆ. ಆ ಫೋನು ಬೇರೆ ಜಿಲ್ಲೆಯಲ್ಲೋ ಬೇರೆ ರಾಜ್ಯದಲ್ಲೋ ಆನ್ ಆಗುತ್ತದೆ. ಎಲ್ಲಿ ಆನ್ ಆಯಿತು ಎಂಬುದು ಐಎಂಇಐ (ಪ್ರತಿ ಫೋನಿನ ಗುರುತಿನ ಸಂಖ್ಯೆ) ಮೂಲಕ ಕಂಪನಿಯ ಸರ್ವರಿಗೆ ಗೊತ್ತಾಗುತ್ತದೆ. ಆಮೇಲೆ ಸ್ಕೀಮ್ ಕಡಿತ, ದಂಡ, ಮುಂದಿನ ತಿಂಗಳು ಓಡುವ ಮಾದರಿ ಕೊಡದಿರುವುದು.

ಬಡ್ಡಿಯನ್ನು ಬಹಳ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. 20 ಫೋನಿಗೆ 2,88,000 ರೂಪಾಯಿ ಬಂಡವಾಳ. ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲಕ್ಕೆ (ಓಡಿ) ವರ್ಷಕ್ಕೆ ಶೇ. 12 ಎಂದರೆ ತಿಂಗಳಿಗೆ 2,880, ಫೋನಿಗೆ 144. ಎರಡು ತಿಂಗಳು ಶೆಲ್ಫಿನಲ್ಲಿ ಕೂತರೆ 288. ಸ್ಲ್ಯಾಬಿನಲ್ಲಿ ಬಂದದ್ದೂ 288. ಜೊತೆಗೆ ಆ ಸ್ಲ್ಯಾಬ್ ದುಡ್ಡು ನಗದಾಗಿ ಬರುವುದಿಲ್ಲ, ಎಷ್ಟೋ ದಿನ ಬಿಟ್ಟು ಕ್ರೆಡಿಟ್ ನೋಟಾಗಿ ಬರುತ್ತದೆ. ಅಂದರೆ ಅದೇ ಬ್ರಾಂಡಿನ ಮಾಲನ್ನು ಮತ್ತೆ ಎತ್ತಲೇಬೇಕು.

ಬೆಲೆ ಇಳಿಕೆಯ ರಕ್ಷಣೆ ಇನ್ನೊಂದು ಗುಂಡಿ. ಕಂಪನಿ 1,000 ರೂಪಾಯಿ ಇಳಿಸಿದಾಗ ನಿಮ್ಮಲ್ಲಿ 12 ಫೋನಿವೆ. ಲೆಟರಿನಲ್ಲಿ 'ಕಳೆದ 30 ದಿನದಲ್ಲಿ ಬಿಲ್ ಆದ, ಆ್ಯಕ್ಟಿವೇಟ್ ಆಗದ ಐಎಂಇಐಗೆ ಮಾತ್ರ' ಎಂದಿದ್ದರೆ, ಅದಕ್ಕಿಂತ ಹಳೆಯ 5 ಫೋನಿನ 5,000 ನಿಮ್ಮ ತಲೆಗೆ. ಗಿರಾಕಿಗೆ ತೋರಿಸಲು ಸೀಲ್ ಒಡೆದು ಅಂಗಡಿಯ ವೈಫೈ ಕೊಟ್ಟಿದ್ದರೆ ಅದು ಮಾರಾಟವಾದ ಲೆಕ್ಕ, ಅದಕ್ಕೂ ಸಿಗುವುದಿಲ್ಲ. ಡೆಮೊ ಬೇಕಿದ್ದರೆ ಡೆಮೊ ಫೋನನ್ನೇ ಕೇಳಿ ತರಿಸಿ, ಮಾರುವ ಡಬ್ಬ ಒಡೆಯಬೇಡಿ.

ಆನ್‌ಲೈನಿಗೆ ಒಂದು ಹೆಸರು, ಅಂಗಡಿಗೆ ಒಂದು

2014ರ ಫೆಬ್ರವರಿಯಲ್ಲಿ ಮೋಟೊ ಜಿ ಫ್ಲಿಪ್‌ಕಾರ್ಟಿನಲ್ಲಿ ಮಾತ್ರ ಬಂತು. ಆಮೇಲೆ ಶವೋಮಿ. ಡಿಸೆಂಬರಿನಲ್ಲಿ ಒನ್‌ಪ್ಲಸ್ ಅಮೆಜಾನಿನಲ್ಲಿ. ವಿತರಕರ ಪಾಲು, ಅಂಗಡಿಯ ಪಾಲು, ಗೋಡೆಯ ಬೋರ್ಡು ಯಾವುದರ ಖರ್ಚೂ ಇಲ್ಲ. ಆ ಉಳಿತಾಯ ದರದಲ್ಲಿ ಕಾಣಿಸಿತು. ಅದಕ್ಕೆ ಎದುರಾಗಿ ಒಪ್ಪೊ, ವಿವೊ ಪೂರ್ತಿ ಉಲ್ಟಾ ದಾರಿ ಹಿಡಿದವು. ಅಂಗಡಿಗೆ ಹೆಚ್ಚು ಮಾರ್ಜಿನ್, ಹೊಳೆಯುವ ಬೋರ್ಡು, ಕಂಪನಿಯ ಸಂಬಳದಲ್ಲೇ ನಿಮ್ಮ ಕೌಂಟರಿನಲ್ಲಿ ನಿಲ್ಲುವ ಪ್ರಮೋಟರ್. ಒಂದೇ ದರ್ಜೆಯ ಚಿಪ್ಪಿನ ಫೋನು ಅಂಗಡಿಯಲ್ಲಿ ಒಂದೆರಡು ಸಾವಿರ ಹೆಚ್ಚಿದ್ದರೆ ಆ ವ್ಯತ್ಯಾಸ ಬಹುಪಾಲು ಇಲ್ಲಿಗೆ ಹೋಗಿರುತ್ತದೆ.

ಒಂದೇ ಬ್ರಾಂಡು ಎರಡೂ ಕಡೆ ಮಾರಬೇಕಾದಾಗ ಹೆಸರನ್ನೇ ಸೀಳಿದರು. ಸ್ಯಾಮ್‌ಸಂಗ್ 2019ರ ಜನವರಿಯಲ್ಲಿ ಎಂ ಸರಣಿಯನ್ನು ಅಮೆಜಾನಿನಲ್ಲಿಯೂ ತನ್ನ ಜಾಲತಾಣದಲ್ಲಿಯೂ ಇಟ್ಟಿತು, 2020ರ ಅಕ್ಟೋಬರಿನಲ್ಲಿ ಎಫ್ ಸರಣಿಯನ್ನು ಫ್ಲಿಪ್‌ಕಾರ್ಟಿಗೆ ಕೊಟ್ಟಿತು, ಎ ಸರಣಿ ಅಂಗಡಿಗಳಿಗೆ ಉಳಿಯಿತು. ವಿವೊದ ಟಿ ಸರಣಿ ಫ್ಲಿಪ್‌ಕಾರ್ಟಿಗೆ, ವೈ ಸರಣಿ ಅಂಗಡಿಗೆ. ಹೆಸರು ಬೇರೆಯಾದರೆ ಗಿರಾಕಿಗೆ ದರ ಹೋಲಿಸಲು ಕಷ್ಟ. ಚಿಪ್ಪಿನ ಹೆಸರನ್ನು ಪಕ್ಕಪಕ್ಕ ಇಟ್ಟರೆ ಮಾತ್ರ ಯಾವುದು ಯಾವುದಕ್ಕೆ ಸಮ ಎಂಬುದು ತಿಳಿಯುತ್ತದೆ. ಕೆಲವೊಮ್ಮೆ ಹೆಸರು ಒಂದೇ ಇದ್ದು ಚಿಪ್ಪೇ ಬೇರೆ: 2024ರ ಗ್ಯಾಲಕ್ಸಿ ಎಸ್24 ಮತ್ತು ಎಸ್24 ಪ್ಲಸ್ ಭಾರತಕ್ಕೆ ಸ್ಯಾಮ್‌ಸಂಗಿನದೇ ಎಕ್ಸಿನೋಸ್ 2400 ಚಿಪ್ಪಿನಲ್ಲಿ ಬಂದವು, ಅಮೆರಿಕಕ್ಕೆ ಸ್ನ್ಯಾಪ್‌ಡ್ರ್ಯಾಗನ್‌ನಲ್ಲಿ. ಅಮೆರಿಕದ ವಿಡಿಯೊ ವಿಮರ್ಶೆ ನೋಡಿ ಬಂದ ಗಿರಾಕಿಗೆ ಇದನ್ನು ಮೊದಲೇ ಹೇಳಿ.

ಕಾನೂನು ಇಲ್ಲಿ ನಿಧಾನವಾಗಿ ಬಂತು. 2018ರ ಡಿಸೆಂಬರ್ 26ರ ಕೇಂದ್ರದ ಸೂಚನೆ, 2019ರ ಫೆಬ್ರವರಿ 1ರಿಂದ ಜಾರಿ: ವಿದೇಶಿ ಬಂಡವಾಳದ ಮಾರುಕಟ್ಟೆ ತಾಣ ತನ್ನಲ್ಲಿ ಮಾತ್ರ ಮಾರಬೇಕೆಂದು ಯಾವ ಮಾರಾಟಗಾರರನ್ನೂ ಕಟ್ಟಿಹಾಕುವಂತಿಲ್ಲ. ತಾನಾಗಿ ಒಂದೇ ಕಡೆ ಮಾರುತ್ತೇನೆ ಎನ್ನುವ ಬ್ರಾಂಡನ್ನು ಅದು ತಡೆಯಲಿಲ್ಲ. 2020ರ ಜನವರಿಯಲ್ಲಿ ಸ್ಪರ್ಧಾ ಆಯೋಗ ಅಮೆಜಾನ್, ಫ್ಲಿಪ್‌ಕಾರ್ಟ್ ಮೇಲೆ ತನಿಖೆಗೆ ಆದೇಶಿಸಿತು. ಮೊಬೈಲಿನ ಏಕಸ್ಥಳ ಬಿಡುಗಡೆ, ಆಪ್ತ ಮಾರಾಟಗಾರರು, ಆಳವಾದ ರಿಯಾಯಿತಿ ಅದರ ವಿಷಯ. ನಮ್ಮ ಕರ್ನಾಟಕ ಹೈಕೋರ್ಟ್ ಫೆಬ್ರವರಿಯಲ್ಲಿ ತಡೆ ಕೊಟ್ಟಿತ್ತು. 2021ರ ಜೂನ್‌ನಲ್ಲಿ ಕಂಪನಿಗಳ ಅರ್ಜಿ ವಜಾ ಮಾಡಿತು, ಜುಲೈನಲ್ಲಿ ವಿಭಾಗೀಯ ಪೀಠವೂ ಮೇಲ್ಮನವಿ ತಳ್ಳಿಹಾಕಿತು. ಅಂಗಡಿಯವರು ತಾವೇ ಬಲ ತೋರಿಸಿದ್ದೂ ಉಂಟು. 2024ರಲ್ಲಿ ದಕ್ಷಿಣ ಭಾರತದ ಸಂಘಟಿತ ಚಿಲ್ಲರೆ ವರ್ತಕರ ಸಂಘ ಕಡಿಮೆ ಮಾರ್ಜಿನ್, ವಾರಂಟಿ ವಿಳಂಬ, ಬೇಡದ ಮಾಲು ಕಟ್ಟುವುದು ಎಂಬ ದೂರಿನ ಮೇಲೆ ಮೇ 1ರಿಂದ ಒನ್‌ಪ್ಲಸ್ ಮಾರುವುದಿಲ್ಲ ಎಂದು ಪತ್ರ ಬರೆಯಿತು.

ಬೇಡದ ಮಾಲು ಕಟ್ಟುವುದು ಎಂದರೇನು ಎಂದು ನಿಮಗೆ ಹೇಳಬೇಕಿಲ್ಲ. ಎರಡು ಒಪ್ಪಂದಗಳು ಕೂಡುವುದು ಅಲ್ಲೇ. ಮೇಲೆ ಚಿಪ್ಪು ಕಡಿಮೆ ಬಿದ್ದು ಓಡುವ ಮಾದರಿ ಕಡಿಮೆ ಬರುತ್ತದೆ. ಬ್ರಾಂಡು ಅದನ್ನು ಮೊದಲು ಆನ್‌ಲೈನ್ ಹಬ್ಬದ ಮಾರಾಟಕ್ಕೆ, ದೊಡ್ಡ ಸರಣಿ ಮಳಿಗೆಗಳಿಗೆ ಕಳಿಸುತ್ತದೆ. ಉಳಿದದ್ದು ಜಿಲ್ಲಾ ಡಿಸ್ಟ್ರಿಬ್ಯೂಟರಿಗೆ. ಓಡುವ ಎರಡು ಬೇಕಿದ್ದರೆ ಓಡದ ಮೂರು ಎತ್ತಿ ಎಂಬ ಮಾತು ಆಗ ಬರುತ್ತದೆ. ಆಗ ಎತ್ತುವ ಮುಂಚೆ ಆ ಮೂರರ ಎರಡು ತಿಂಗಳ ಬಡ್ಡಿಯನ್ನು ಓಡುವ ಎರಡರ ಮಾರ್ಜಿನ್ನಿನಿಂದ ಕಳೆಯಿರಿ. ಮೇಲಿನ ಲೆಕ್ಕದಲ್ಲೇ ಹೇಳಿದರೆ 864 ರೂಪಾಯಿ ಹೋಗಿ, 1,198ರಲ್ಲಿ 334 ಉಳಿಯುತ್ತದೆ. ಆ ಮೂರರಲ್ಲಿ ಒಂದಕ್ಕೆ 500 ರೂಪಾಯಿ ಬೆಲೆ ಇಳಿದರೂ ನಷ್ಟ. ಇಲ್ಲ ಎನ್ನುವ ಧೈರ್ಯ ಬೇಕು. ಬೀದಿಯ ಐದಾರು ಅಂಗಡಿಯವರು ಸೇರಿ ಇಲ್ಲ ಎಂದರೆ ಡಿಸ್ಟ್ರಿಬ್ಯೂಟರೂ ಕೇಳುತ್ತಾರೆ.

ಕಂತಿನ ಬಗ್ಗೆ ಒಂದೇ ಮಾತು. 'ನೋ ಕಾಸ್ಟ್ ಇಎಂಐ'ಯಲ್ಲಿ ಬಡ್ಡಿ ಇಲ್ಲದಿಲ್ಲ. ಶೂನ್ಯ ಬಡ್ಡಿ ಎಂಬುದು ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿದೆ. ಬ್ರಾಂಡೋ ಅಂಗಡಿಯೋ ಅದನ್ನು ಮೊದಲೇ ತುಂಬಿಕೊಡುತ್ತಾರೆ. ನಿಮ್ಮ ಪಾಲು ಎಷ್ಟು ಎಂಬುದನ್ನು ಫೈನಾನ್ಸ್ ಕಂಪನಿಯಿಂದ ಬರಹದಲ್ಲಿ ತೆಗೆದುಕೊಳ್ಳಿ. ನಗದು ಕೊಡುವ ಗಿರಾಕಿಗೆ ಆ ಪಾಲನ್ನೇ ದರದಲ್ಲಿ ಬಿಡಬಹುದು.

ಕೊನೆಗೆ ಡಬ್ಬದ ಲೇಬಲ್. ಅದರ ಮೇಲೆ ತಯಾರಾದ ತಿಂಗಳು, ವರ್ಷ ಇರಲೇಬೇಕು. ಮಾಲು ಇಳಿಸಿಕೊಳ್ಳುವಾಗಲೇ ಅದನ್ನು ಓದಿ. ಎಂಟು ತಿಂಗಳ ಹಿಂದಿನದಾದರೆ ಅದು ಬೇರೆಲ್ಲೋ ಕೂತು ಬಂದ ಸ್ಟಾಕು. ಬೆಲೆ ರಕ್ಷಣೆ ಯಾವ ಬಿಲ್ ತಾರೀಕಿನಿಂದ ಎಂದು ಆಗಲೇ ಡಿಸ್ಟ್ರಿಬ್ಯೂಟರನ್ನು ಕೇಳಿ ಬರೆಸಿಕೊಳ್ಳಿ. ಬ್ಯಾಟರಿ ಬಹಳ ದಿನ ಖಾಲಿ ಕೂತಿರಬಹುದು, ಗಿರಾಕಿಯ ಮುಂದೆ ಚಾರ್ಜಿಗೆ ಹಾಕಿ ತೋರಿಸಿ. ಗಿರಾಕಿ ಕೊಳ್ಳುವಾಗ ಇಂಗ್ಲಿಷ್ ಅಕ್ಷರದಲ್ಲಿ ಕೆವೈಎಂ (KYM) ಎಂದು ಬರೆದು, ಜಾಗ ಬಿಟ್ಟು, ಡಬ್ಬದ ಮೇಲಿನ 15 ಅಂಕಿಯ ಐಎಂಇಐ ಹಾಕಿ 14422ಕ್ಕೆ ಎಸ್‌ಎಂಎಸ್ ಕಳಿಸಲಿ. ಉತ್ತರದಲ್ಲಿ ಬರುವ ಬ್ರಾಂಡು, ಮಾದರಿ ಡಬ್ಬದ ಮೇಲಿನದಕ್ಕೆ ಹೊಂದಬೇಕು. ಫೋನ್ ಆನ್ ಮಾಡಿದ ಮೇಲೆ *#06# ಒತ್ತಿದರೆ ಕಾಣುವ ಅಂಕಿ, ಡಬ್ಬದ ಅಂಕಿ, ನೀವು ಕೊಟ್ಟ ಬಿಲ್ಲಿನ ಅಂಕಿ ಮೂರೂ ಒಂದೇ ಇದ್ದರೆ ಮಾತ್ರ ಬಿಲ್ಲಿಗೆ ಸೀಲು ಒತ್ತಿ.